ಎಂಟು ಹಲ್ಲಿನ ಸ್ಪ್ರಾಕೆಟ್

ಬಿರುಗಾಳಿಗೆ ಉರುಳಿದ ಹೆಮ್ಮರ ಗುಡ್ಡದ ದಾರಿಗೆ ಅಡ್ಡ ಬಿದ್ದಿತ್ತು. ಅದನ್ನು ಕೊಯ್ದು ದಾರಿ ಬಿಡಿಸಿದವರಿಗೇ ಈ ವರ್ಷದ ಸೌದೆ ಕೆಲಸ ಎಂದು ಡಿಪೋದ ಯಜಮಾನ ಹೇಳಿದ್ದೇ ತಡ, ಊರವರು ಮೀಸೆ ಎಂದೇ ಕರೆಯುವ ಮರ ಕೊಯ್ಯುವವನು ತನ್ನ ಆಳನ್ನು ಕರೆದುಕೊಂಡು ಹೊರಟೇಬಿಟ್ಟ. ಗರಗಸ ರಿಪೇರಿ ಮಾಡುವ ಅಕ್ಕ ಮಾತ್ರ ಇನ್ನೂ ಬೆಂಚಿನ ಮುಂದೆ ನಿಂತಿದ್ದಳು.

ಅವಳಿಗೆ ಸೌದೆ ಬೇಕಿರಲಿಲ್ಲ, ಮೀಸೆ ಬೇಕಿದ್ದ.

ಕಳೆದ ವರ್ಷ ಅವಳ ತಮ್ಮ ಮೀಸೆಯ ಜೊತೆಗೇ ಕೆಲಸ ಮಾಡುತ್ತಿದ್ದ. ತಮ್ಮನ ಗರಗಸದ ಮಷೀನಿಗೆ ಅಕ್ಕ ಏಳು ಹಲ್ಲಿನ ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಚಕ್ರ, ಹಾಕಿಕೊಟ್ಟಿದ್ದಳು. ಚೈನ್ ಇನ್ನೂ ಜೋರಾಗಿ ಓಡಲಿ ಎಂದು ಮೀಸೆ ಹೇಳದೆ ಕೇಳದೆ ಎಂಟು ಹಲ್ಲಿನದನ್ನು ಕೂರಿಸಿದ. ಸಣ್ಣ ಮರದಲ್ಲಿ ಅದು ಬೆಣ್ಣೆ ಕೊಯ್ದ ಹಾಗೆ ಹೋಯಿತು. ದಪ್ಪ ಮರದ ನಡುವೆ ಎಳೆಯುವ ಬಲ ಸಾಲದೆ ಚೈನ್ ನಿಂತಿತು. ಅರೆಬರೆ ಕೊಯ್ದ ದಿಮ್ಮಿ ಉರುಳಿ ತಮ್ಮನ ಕಾಲಿನ ಮೇಲೆ ಬಂತು. ಮೀಸೆ ಕಾಲಿಗೆ ಬುದ್ಧಿ ಹೇಳಿದ. ಕೆಳಗೆ ಬಂದು, ಅವನಿಗೆ ಕೆಲಸವೇ ಬರುವುದಿಲ್ಲ ಎಂದು ಡಂಗುರ ಹೊಡೆದ. ಅಕ್ಕ ಆ ಸ್ಪ್ರಾಕೆಟ್ ತೋರಿಸಿದರೆ, ಹಾಕಿದವಳು ನೀನೇ ಎಂದುಬಿಟ್ಟ. ಅಂದಿನಿಂದ ಕುಂಟುವ ತಮ್ಮನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಸ್ಪ್ರಾಕೆಟ್ ಅಕ್ಕನ ಜೇಬಿನಲ್ಲೇ ಇತ್ತು. ದಿನಾ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಸಿಟ್ಟು ಆರಬಾರದಲ್ಲ!

ತನ್ನ ಮಷೀನಿನ ಸೈಲೆನ್ಸರ್ ಕೊರೆದು, ಸಿಲಿಂಡರ್ ತೀಡಿ ಅವಳು ಬಲ ಹೆಚ್ಚಿಸಿದ್ದಳು. ಇಷ್ಟು ಬಲ ಇರುವಾಗ ಎಂಟು ಹಲ್ಲೇ ಹಾಕಬಾರದೇ ಎಂದು ಲಾರಿ ಓಡಿಸುವ ಸೋದರಮಾವ ಕೇಳಿದ.

"ಈ ಬಲ ಓಡೋಕಲ್ಲ ಮಾವ, ಎಳೆಯೋಕೆ," ಎಂದಳು.

ಏಳು ಹಲ್ಲು, ಚೈನ್ ಸುತ್ತಿ ಓಡುವ ಉದ್ದನೆಯ ಬಾರ್, ಹೊಟ್ಟು ಸಲೀಸಾಗಿ ಹೊರಬೀಳಲೆಂದು ಹಲ್ಲುಗಳು ದೂರ ದೂರ ಇರುವ ಚೈನ್. ಗಿಡ್ಡ ಬಾರನ್ನೂ ಅದರ ಚೈನನ್ನೂ ಮಾವನ ಚೀಲಕ್ಕೆ ತುರುಕಿದಳು. ಆ ಭಾರಕ್ಕೆ ಮಾವ ದಾರಿಯುದ್ದಕ್ಕೂ ಗೊಣಗಿದ.

ಲಾರಿ ಹೋಗುವಷ್ಟು ಹೋಗಿ ನಿಂತಿತು. ಅಲ್ಲಿಂದ ಹಳ್ಳ ದಾಟಿ ಮೇಲೆ ಹತ್ತಬೇಕಿತ್ತು. ಗಾಳಿ ಕಾಡನ್ನೆಲ್ಲ ಕಲಸಿಹಾಕಿತ್ತು; ಬೇರು ಸಮೇತ ಕಿತ್ತುಬಂದ ಮರಗಳ ಬುಡದಲ್ಲಿ ಕೆಂಪು ಗುಂಡಿಗಳು ಬಾಯ್ದೆರೆದಿದ್ದವು, ಕಾಲಿಟ್ಟಲ್ಲೆಲ್ಲ ಸಡಿಲ ಕಲ್ಲು ಜಾರುತ್ತಿತ್ತು. ಹಳ್ಳದ ನೀರು ಸೊಂಟಕ್ಕೆ ಬಂದಾಗ ಅಕ್ಕ ಮಷೀನನ್ನು ತಲೆಯ ಮೇಲೆ ಹೊತ್ತಳು. ಮೇಲಿನಿಂದ ಮೀಸೆಯ ಗರಗಸ ಕಿರುಚುವುದು ಕೇಳಿಸುತ್ತಿತ್ತು.

ಸದ್ದು ತಟ್ಟನೆ ನಿಂತಿತು.

ಆಮೇಲೆ ಒಬ್ಬ ಮನುಷ್ಯ ಕೂಗಿಕೊಂಡ. ಮೀಸೆಯ ಆಳು ಎದುರಿಗೆ ಓಡಿಬಂದು, ಅವರ ಮುಖವನ್ನೂ ನೋಡದೆ ಕೆಳಗಿಳಿದುಹೋದ.

ಹೆಮ್ಮರದ ಕಾಂಡದಲ್ಲಿ ಮೀಸೆಯ ಬಾರ್ ಅರ್ಧಕ್ಕೆ ಕಚ್ಚಿಕೊಂಡಿತ್ತು. ಎಳೆದು ಬಿಡಿಸಲು ಹೋದಾಗ ಕಾಂಡ ಹೊರಳಿದೆ. ಸೊಂಟದಷ್ಟು ದಪ್ಪದ ಕೊಂಬೆಯೊಂದು ಅವನ ಕಾಲನ್ನು ಬಂಡೆಗೆ ಒತ್ತಿ ಹಿಡಿದಿದೆ. ಅಕ್ಕ ಅವನ ಮಷೀನಿನ ಮುಚ್ಚಳ ಬಿಚ್ಚಿ ನೋಡಿದಳು. ಅದರಲ್ಲೂ ಎಂಟೇ ಹಲ್ಲು. ಅವಳಿಗೆ ಖುಷಿಯಾಯಿತು. ಹೌದು, ಖುಷಿಯೇ.

ಬಂಡೆಯ ಸಂದಿನಲ್ಲಿ ಉದ್ದನೆಯ ಬಾರಿನ ತುದಿ ಕಲ್ಲಿಗೆ ತಾಗಿದರೆ ಮಷೀನು ಮುಖಕ್ಕೇ ಹಾರೀತು. ಅವಳು ಗಿಡ್ಡ ಬಾರ್ ಹಾಕತೊಡಗಿದಳು. ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನವಾಗಿ.

"ಬೇಗ ಅಕ್ಕಾ," ಎಂದ ಮೀಸೆ.

ಅವಳು ಜೇಬಿನ ಸ್ಪ್ರಾಕೆಟ್ ತೆಗೆದು ಅವನ ಎದುರಿಗಿಟ್ಟಳು. "ಇದನ್ನ ಹಾಕಿದ್ದು ಯಾರು?"

"ಈಗ ಅದನ್ನ ಕೇಳ್ತೀಯಾ?"

"ನನ್ನ ತಮ್ಮ ಹೀಗೇ ಬಿದ್ದಿದ್ದ. ನಿನ್ನನ್ನ ಕೂಗಿದ್ದ."

ಮೀಸೆ ಕಣ್ಣು ಮುಚ್ಚಿಕೊಂಡ. "ನಾನೇ ಹಾಕಿದ್ದು. ಹೆದರಿ ಓಡಿಹೋದೆ."

"ಡಿಪೋದಲ್ಲಿ, ಎಲ್ಲರ ಎದುರಿಗೆ ಹೇಳ್ಬೇಕು."

ಅವನು ತಲೆಯಾಡಿಸುವಷ್ಟರಲ್ಲಿ ಕಾಂಡ ಕಿರ್ರೆಂದಿತು.

ಮಾವ ಕಾಂಡದ ಕೆಳಗೆ ಬೆಣೆ ಬಡಿದ. ಮಷೀನು ಒಂದೇ ಎಳೆತಕ್ಕೆ ಗುಡುಗಿತು. ಒತ್ತಡವಿದ್ದ ಕಡೆ ಮೊದಲು ಸ್ವಲ್ಪ ಕೊಯ್ದಳು. ಆಮೇಲೆ ಎದುರು ಕಡೆಯಿಂದ ಬಾರ್ ಇಳಿಸಿದಳು. ಗಟ್ಟಿ ಗಂಟು ಸಿಕ್ಕಿತು. ಮಷೀನಿನ ದನಿ ದಪ್ಪಗಾಯಿತು, ಚೈನ್ ಮಾತ್ರ ನಿಲ್ಲಲಿಲ್ಲ.

ಬೆಣೆ ಜಾರತೊಡಗಿತು. ಮಾವ ಹೆಗಲು ಕೊಟ್ಟ.

ಕೊಂಬೆ ಸಿಡಿದು ಎರಡಾಯಿತು. ಅಕ್ಕ ಮೀಸೆಯ ಕಾಲರ್ ಹಿಡಿದು ಎಳೆದಳು, ಕಾಂಡ ಬಂಡೆಗೆ ಅಪ್ಪಳಿಸಿತು.

ಇಳಿಯುವಾಗ ಇಬ್ಬರೂ ಸರದಿಯ ಮೇಲೆ ಅವನನ್ನು ಹೊತ್ತರು. ಹಳ್ಳದಲ್ಲಿ ಅಕ್ಕ ಎರಡು ಸಲ ಮುಗ್ಗರಿಸಿದಳು. ಈ ಹಾಳಾದವನನ್ನು ನಾನೇ ಹೊರಬೇಕಾಯಿತಲ್ಲ ಎಂದು ಹಲ್ಲು ಕಡಿದಳು.

ಡಿಪೋದಲ್ಲಿ ಜನ ಲಾರಿಯ ಸುತ್ತ ನೆರೆದರು. ಮೀಸೆ ಅವರನ್ನೆಲ್ಲ ನೋಡಿ ಬಾಯಿ ಬಿಗಿದುಕೊಂಡ. ಅಕ್ಕ ಸ್ಪ್ರಾಕೆಟ್ಟನ್ನು ಅವನ ಮಡಿಲಿಗೆ ಹಾಕಿದಳು. ಅವನು ಅದನ್ನೇ ನೋಡುತ್ತಾ, ತಲೆ ಎತ್ತದೆ, ಎಲ್ಲವನ್ನೂ ಹೇಳಿದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ತಮ್ಮ ಕೇಳಿಸಿಕೊಂಡ.

"ಅವನ ಕಾಲು ಉಳಿಯುತ್ತಾ?" ಎಂದು ಅಕ್ಕನನ್ನು ಕೇಳಿದ.

ಮೂಳೆಯೇನೂ ಪುಡಿಯಾಗಿಲ್ಲ ಎಂದಳು. ಹೇಳುವಾಗ ಅವಳಿಗೆ ಒಂಚೂರು ಬೇಜಾರೇ ಆಯಿತು.

ದಾರಿಯ ಮರ ಇನ್ನೂ ಹಾಗೇ ಬಿದ್ದಿತ್ತು. ಬೆಳಿಗ್ಗೆ ಯಜಮಾನ ತಾನೇ ಮನೆ ಬಾಗಿಲಿಗೆ ಬಂದು, ತಮ್ಮನನ್ನೂ ಕಳಿಸು ಎಂದ. ಅಕ್ಕ ಒಳಗೆ ಹೋದಾಗ ತಮ್ಮ ಆಗಲೇ ಬೆಂಚಿನ ಮುಂದೆ ಕುಳಿತು ಉದ್ದನೆಯ ಬಾರಿಗೆ ಚೈನ್ ಹಾಕುತ್ತಿದ್ದ.

"ಎಷ್ಟು ಹಲ್ಲು?" ಎಂದ.

"ಏಳು."

ಅವನು ತಾನೇ ಒಮ್ಮೆ ಎಣಿಸಿ ನೋಡಿ, ಮುಚ್ಚಳ ಹಾಕಿ, ಮಷೀನನ್ನು ಹೆಗಲಿಗೇರಿಸಿದ.