ಹಾರ ಬರೆಯದ ಫೋಟೋ

ಪರದೆ ಸರಿಸಿ ಒಳಬಂದವನನ್ನು ಕಂಡು ರಾಯವ್ವನ ಕೈಯ ಕುಂಚ ಜಾರಿಬಿತ್ತು.

ಅದೇ ಹುಬ್ಬು, ಅದೇ ತುಟಿ... ಹೋದ ವರ್ಷ ಫೋಟೋದಲ್ಲಿ ಈ ಕೊರಳಿಗೆ ಬಣ್ಣದಲ್ಲಿ ಹಾರ ಬರೆದವಳು ತಾನೇ! ದೊಡವಾಡದ ತೀರಿಹೋದ ಶಟ್ಟೆಪ್ಪ!

"ಅಪ್ಪಾ!"

ಬೈಲಹೊಂಗಲದ ಫೋಟೋ ಸ್ಟುಡಿಯೋದ ಯಜಮಾನ, ಅವಳಪ್ಪ ಸೋಮಪ್ಪ ಕತ್ತಲೆ ಕೋಣೆಯಿಂದ ಇಣುಕಿದ. "ಚೀರಬ್ಯಾಡವಾ. ಇಂವ ಫೋಟೋಕ್ಕ ಬರೇ ಕುಂತಾಂವ. ಸತ್ತಾಂವ ಇವನ ಅಣ್ಣ."

ಫೋಟೋ ತೆಗೆಸದೇ ಸತ್ತವರಿಗೆ ಸೋಮಪ್ಪನಲ್ಲಿ ಉಪಾಯವಿತ್ತು. ಸತ್ತವನ ರುಮಾಲು, ಕೋಟು ತೊಡಿಸಿ, ಹೋಲುವ ತಮ್ಮನನ್ನು ಕುರ್ಚಿಯಲ್ಲಿ ಕೂರಿಸುವುದು. ಫೋಟೋ ಗೋಡೆಗೆ ಏರಿದ ಮೇಲೆ ಕುಳಿತವನಾರೆಂದು ಯಾರೂ ಮಾತೆತ್ತುವಂತಿಲ್ಲ.

ಪಾಪ, ಶಟ್ಟೆಪ್ಪನ ಫೋಟೋವೂ ಅಂಥದ್ದೆಂದು ರಾಯವ್ವನಿಗೆ ಗೊತ್ತಿರಲಿಲ್ಲ. ಬಣ್ಣ ತುಂಬುತ್ತ ತುಂಬುತ್ತ ಆ ಮುಖಕ್ಕೆ ಮನಸೋತಿದ್ದಳು. ಸತ್ತವರನ್ನು ಪ್ರೀತಿಸುವುದರಲ್ಲಿ ಒಂದು ನೆಮ್ಮದಿ: ಅವರು ಹೀಗೆ ಎದುರು ಬಂದು ನಿಲ್ಲುವುದಿಲ್ಲ.

"ವೀಸಾಕ್ಕ ಫೋಟೋ ಬೇಕ್ರಿ," ಎಂದ ಆ ತಮ್ಮ, ಬೀರಪ್ಪ. "ಅಮೇರಿಕಾಕ್ಕ ಓದಾಕ ಹೊಂಟೇನಿ. ರುಮಾಲ ಇರಬಾರದು, ಮುಖಾ ಪೂರಾ ಕಾಣಬೇಕಂತ."

ಕುಳಿತ. ಬೆನ್ನು ಸೆಟೆಯಿತು, ಕಣ್ಣಿನ ಬೆಳಕು ಆರಿತು... ಅಂದು ಅಣ್ಣನಾಗಿ ಕುಳಿತ ಹಾಗೆಯೇ!

"ಜೀವಾ ಇದ್ದಾವ್ರ ಹಂಗ ಕುಂಡ್ರಪಾ!" ಸೋಮಪ್ಪ ಗದರಿ, ಕ್ಯಾಮರಾಕ್ಕೆ ಹೊಸ ರೋಲು ತರಲು ಒಳಗೆ ಹೋದ.

"ಹಂಗ ಕುಂಡ್ರಾಕ ಬರವಲ್ತು," ಎಂದ ಬೀರಪ್ಪ ಮೆಲ್ಲಗೆ. "ಅವ್ವ ದಿನಾ ಆ ಫೋಟೋದ ಜೋಡಿ ಮಾತಾಡತಾಳ. ನಾ ಎದುರ ನಿಂತ್ರ ಮಾತಿಲ್ಲ. ಒಮ್ಮೊಮ್ಮೆ ಅನಸ್ತೈತ್ರಿ... ಹೋದಾಂವ ನಾನ ಏನೋ!"

ರಾಯವ್ವ ತನ್ನ ಬೆರಳಿಗಂಟಿದ ಬಣ್ಣ ನೋಡಿಕೊಂಡಳು. ಆ ಹಾರ ಬರೆದದ್ದು ಈ ಕೈ!

"ಫೋಟೋ ಕೊಟ್ರ ವೀಸಾ ಆತೇನ್ರಿ?"

"ಎಲ್ಲಿದು! ಕಾಲೇಜಿನ ಪತ್ರ ಬಂದೈತಿ, ಖರ್ಚಿಗೆ ಮಾವ ಜಾಮೀನ ನಿಂತಾನ. ಆದ್ರ ವೀಸಾ ಕೊಡೋ ಬೊಂಬಾಯಿ ಸಾಹೇಬ ಕೇಳತಾನಂತ: ಓದಿ ತಿರುಗಿ ಬರ್ತಿ ಅಂತ ಏನ ಖಾತ್ರಿ? ಊರಾಗ ನಿನ್ನ ದಾರಿ ನೋಡಾವ್ರು ಯಾರು?" ನಗಲು ನೋಡಿದ, ಆಗಲಿಲ್ಲ. "ಸತ್ತಾಂವನ ದಾರಿ ಯಾರ ನೋಡತಾರ್ರಿ?"

ರಾಯವ್ವ ಬಣ್ಣದ ಪೆಟ್ಟಿಗೆಯ ತಳದಿಂದ ಒಂದು ಫೋಟೋ ತೆಗೆದಳು. ಅದೇ ಮುಖ. ಕೊರಳು ಮಾತ್ರ ಬರಿದು.

"ಎರಡ ಪ್ರತಿ ಇದ್ವು. ಇದಕ್ಕ ಹಾರಾ ಬರಿಯಾಕ ಕೈ ಬರಲಿಲ್ಲ."

"ಯಾಕ್ರಿ?"

"ಸತ್ತಾಂವ ಅಂತ ಗೊತ್ತಿದ್ದೂ ಒಂದ ವರ್ಷ ದಾರಿ ನೋಡೇನಿ..." ಫೋಟೋ ಅವನತ್ತ ಚಾಚಿದಳು. "ಜೀವಾ ಇದ್ದಾಂವನ ದಾರಿ ನೋಡೂದು ನನಗೇನ ಹೆಚ್ಚಲ್ಲ!"

ಬೀರಪ್ಪ ಕೆಂಪಾದ. ಕಣ್ಣಿಗೆ ಮೆಲ್ಲನೆ ಜೀವ ಬಂತು.

"ಹಾಂ, ಹಂಗ ಇರು!" ರೋಲು ಹಾಕಿ ಕ್ಯಾಮರಾದ ಹಿಂದೆ ಯಾವಾಗಿನಿಂದ ನಿಂತಿದ್ದನೋ, ಸೋಮಪ್ಪ ಗುಂಡಿ ಒತ್ತಿ, ಮಗಳ ಮುಖ ನೋಡದೆ ಕತ್ತಲೆ ಕೋಣೆ ಸೇರಿದ.

"ಸಾಹೇಬಗ ಏನ ಹೇಳ್ಲಿ?" ಬೀರಪ್ಪ ಪಿಸುಗುಟ್ಟಿದ.

"ಬೈಲಹೊಂಗಲದಾಗ ಒಬ್ಬಾಕಿ ಹಾರಾ ಹಿಡಕೊಂಡ ನಿಂತಾಳ ಅನ್ರಿ."

"ಮತ್ತ ಹಾರಾನ?"

"ಈ ಸಲ ಹೂವಿಂದ್ರೀ..."