ಗೋಡೆಯಾಚೆ ಕಿರುಚುವ ಟೇಪು

"ಶ್! ಶುರುವಾಯ್ತು, ಶುರುವಾಯ್ತು!"

ವೆಲ್ಕೊ ಬೆರಳೆತ್ತಿದ್ದೇ ತಡ, ಮೂವರೂ ಸೆಂಕಾಳ ಕೋಣೆಯ ಗೋಡೆಗೆ ಕಿವಿ ಹಚ್ಚಿದರು. ಹೊರಗೆ ಕೊಶಾವಾ ಬೀಸುತ್ತಿತ್ತು. ಈ ಗಾಳಿ ಚಳಿಗಾಲದಲ್ಲಿ ಪಾಂಚೆವೊ ಊರಿಗೆ ಒಮ್ಮೆ ಬಂತೆಂದರೆ ಕರೆಯದೆ ಬಂದ ನೆಂಟನ ಹಾಗೆ, ಹೊರಡುವ ಮಾತೇ ಆಡುವುದಿಲ್ಲ. ಕಿಟಕಿಯ ಸಂದಿಯಲ್ಲಿ ಮೂಗು ತೂರಿಸಿ ಊಳಿಡುತ್ತಿತ್ತು. ಆದರೆ ಗೋಡೆಯಾಚೆಯಿಂದ ಬರುತ್ತಿದ್ದದ್ದು ಗಾಳಿಯ ಸದ್ದಲ್ಲ.

ಕೀ...ಈ...ಈ...ಈ. ಆಮೇಲೆ ಕರ್‍ರ್‍ರ್‍. ಮತ್ತೆ ಕೀ...ಈ...ಈ.

"ಕಂಪ್ಯೂಟರ್ ಟೇಪು," ಎಂದ ವೆಲ್ಕೊ. ಅವನಿಗೆ ಹದಿಮೂರು ವರ್ಷ, ಎಲ್ಲಾ ಗೊತ್ತು ಎನ್ನುವ ಮುಖ. "ಆದ್ರೆ ಆಚೆ ಮನೆ ಲಾಜಾ ಹತ್ರ ಇರೋದು ಬ್ರೆಡ್ಡು. ಬ್ರೆಡ್ಡು ಕಿರುಚಲ್ಲ. ಹಂಗಾದ್ರೆ ಇದು ಏನು?"

"ದೆವ್ವ!" ಎಂದ ಅವನ ತಮ್ಮ ತೋಮಾ, ಬಾಯಿತುಂಬ ಬ್ರೆಡ್ಡಿಟ್ಟುಕೊಂಡು. ಇದು ನಿಜವಾದ ಬ್ರೆಡ್ಡು. ಸೆಂಕಾಳ ಅಮ್ಮ ಅದಕ್ಕೆ ಹಂದಿಕೊಬ್ಬು ಸವರಿ ಕೆಂಪು ಮೆಣಸಿನಪುಡಿ ಉದುರಿಸಿ ಕೊಟ್ಟಿದ್ದಳು.

"ಮುಚ್ಕೊಂಡು ತಿನ್ನೋ," ಎಂದ ವೆಲ್ಕೊ.

ಬ್ರೆಡ್ಡು ಎಂದರೆ ಏನೆಂದು ಹೇಳಿಬಿಡುತ್ತೇನೆ. ಫೋನುಗಳಿನ್ನೂ ಗೋಡೆಯ ಬದಿ ಬಿಟ್ಟು ಕದಲದಿದ್ದ ಕಾಲ ಅದು. ಕಂಪ್ಯೂಟರು ಇದ್ದವರೇ ಕಮ್ಮಿ. ಇದ್ದ ಮಕ್ಕಳು ಮಾತ್ರ ಎರಡು ಪಂಗಡ. ಸ್ಪೆಕ್ಟ್ರಮ್ ಎಂಬ ಕಂಪ್ಯೂಟರ್ ಇದ್ದವರು 'ರಬ್ಬರ್', ಏಕೆಂದರೆ ಅದರ ಕೀಲಿಗಳು ಪುಟ್ಟ ರಬ್ಬರಿನ ತುಂಡುಗಳು. ಕಮೋಡೋರ್ ಇದ್ದವರು 'ಬ್ರೆಡ್ಡು', ಏಕೆಂದರೆ ಅದು ದಪ್ಪಗೆ, ಕಂದು ಬಣ್ಣಕ್ಕೆ ಇತ್ತು. ಗೋಡೆಗೆ ಕಿವಿ ಹಚ್ಚಿದ ಮೂವರೂ ರಬ್ಬರು. ಯಾರ ಮನೆಗೆ ಯಾವುದು ಬಂತೋ ಲೋಕದಲ್ಲಿ ಅದೇ ಶ್ರೇಷ್ಠ. ತಾವೇ ಕೂತು ತಯಾರು ಮಾಡಿದವರ ಹಾಗೆ ಆಡುತ್ತಿದ್ದರು, ನೋಡಬೇಕು!

ಎರಡಕ್ಕೂ ಆಟಗಳು ಬರುತ್ತಿದ್ದದ್ದು ಹಾಡಿನ ಕ್ಯಾಸೆಟ್ಟುಗಳಲ್ಲೇ. ಕ್ಯಾಸೆಟ್ ಹಾಕಿ ಕೇಳಿದರೆ ಬರೀ ಕಿರುಚಾಟ. ಕಂಪ್ಯೂಟರಿಗೆ ಮಾತ್ರ ಅದು ಅರ್ಥವಾಗುತ್ತಿತ್ತು. ಶನಿವಾರ ಸಂಜೆ ಐದಕ್ಕೆ ರೇಡಿಯೊದಲ್ಲೂ ಈ ಕಿರುಚಾಟ ಪ್ರಸಾರವಾಗುತ್ತಿತ್ತು. ಮಕ್ಕಳು ರೇಡಿಯೊಗೆ ಮೈಕ್ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಆಗ ಮನೆಯಲ್ಲಿ ಯಾರೂ ಸೀನುವಂತಿಲ್ಲ, ಬಾಗಿಲು ತೆಗೆಯುವಂತಿಲ್ಲ. ನಡುವೆ ಒಂದು ಸದ್ದಾದರೂ ಪ್ರೋಗ್ರಾಮ್ ಕೆಟ್ಟಿತೆಂದೇ ಲೆಕ್ಕ.

ರಬ್ಬರಿನವರು ಬಳಸುತ್ತಿದ್ದದ್ದು ಮನೆಯ ಮಾಮೂಲಿ ಟೇಪ್ ರೆಕಾರ್ಡರ್. ಬ್ರೆಡ್ಡಿಗೆ ಅದರದ್ದೇ ಒಂದು ಟೇಪ್ ಪೆಟ್ಟಿಗೆ. ಅದರಲ್ಲಿ ಸ್ಪೀಕರೇ ಇಲ್ಲ. ಕಮಕ್ ಕಿಮಕ್ ಎನ್ನದೆ ಕೆಲಸ ಮುಗಿಸುತ್ತದೆ. ಹಾಗಿದ್ದ ಮೇಲೆ ಲಾಜಾನ ಮನೆಯಲ್ಲಿ ದಿನಾ ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಕಿರುಚುವುದೇನು?

"ಕದ್ದುಮುಚ್ಚಿ ರಬ್ಬರ್ ತರಿಸ್ಕೊಂಡಿದ್ದಾನೆ," ಎಂದ ವೆಲ್ಕೊ. "ನಮ್ಮ ಪ್ರೋಗ್ರಾಮ್ ಎಲ್ಲಾ ಹೊಡ್ಕೋತಿದ್ದಾನೆ. ಹೊರಗೆ ಬ್ರೆಡ್ಡು, ಒಳಗೆ ರಬ್ಬರು! ಕಳ್ಳ ನನ್ಮಗ!"

ಅಣ್ಣ ತಮ್ಮ ಇಬ್ಬರೂ ನಕ್ಕರು. ಸೆಂಕಾ ನಗಲಿಲ್ಲ. ಅವಳ ಕಿವಿ ಇನ್ನೂ ಗೋಡೆಗೇ ಅಂಟಿತ್ತು.

ಕಿರುಚಾಟದ ಒಳಗಿನಿಂದ ಯಾರೋ ಮಾತಾಡಿದರು.

ಹೆಂಗಸಿನ ದನಿ. ಮಾತು ಸ್ಪಷ್ಟವಾಗಲಿಲ್ಲ, ಆದರೆ ದನಿ ಸೆಂಕಾಗೆ ಚೆನ್ನಾಗಿ ಗೊತ್ತಿತ್ತು. ಬೇಸಿಗೆಯಲ್ಲಿ ಬಾಲ್ಕನಿಯಿಂದ "ಲಾಜ್ಕಾ! ಸೆಂಕಾ! ಕಲ್ಲಂಗಡಿ ಕತ್ತರಿಸಿದ್ದೀನಿ, ಬನ್ರೋ!" ಎಂದು ಕೂಗುತ್ತಿದ್ದ ದನಿ ಅದು. ಲಾಜಾನನ್ನು ಮುದ್ದಿಗೆ ಲಾಜ್ಕಾ ಎನ್ನುತ್ತಿದ್ದ ಅವನ ಅಮ್ಮ, ಸ್ಲಾವ್ಕಾ ತೆತಾ. ಆ ಕಟ್ಟಡದ ಮಕ್ಕಳು ನೆರೆಮನೆಯ ಹೆಂಗಸರನ್ನೆಲ್ಲ ತೆತಾ ಎಂದೇ ಕರೆಯುತ್ತಿದ್ದರು.

ಸ್ಲಾವ್ಕಾ ತೆತಾ ತೀರಿಕೊಂಡು ಎರಡು ತಿಂಗಳ ಮೇಲಾಗಿತ್ತು. ಕೆಳಗೆ ಕಟ್ಟಡದ ದೊಡ್ಡ ಬಾಗಿಲಿಗೆ ಅಂಟಿಸಿದ ಕಪ್ಪು ಅಂಚಿನ ಚೀಟಿಯಲ್ಲಿ ಅವಳ ಫೋಟೋ ಇನ್ನೂ ಇತ್ತು. ಗಾಳಿಗೆ ಅದರ ಒಂದು ಮೂಲೆ ಎದ್ದು ಪಟಪಟ ಬಡಿದುಕೊಳ್ಳುತ್ತಿತ್ತು.

ಸೆಂಕಾ ಗೋಡೆಯಿಂದ ಕಿವಿ ಕಿತ್ತುಕೊಂಡು ದೂರ ಸರಿದಳು.

"ಏನಾಯ್ತೇ? ಗರ ಬಡಿದವಳ ಥರ ನಿಂತಿದ್ದೀಯ," ಎಂದ ವೆಲ್ಕೊ.

"ಏನಿಲ್ಲ."

ಮರುದಿನ ಅವಳು ಒಬ್ಬಳೇ ಕೇಳಿದಳು. ಅದೇ ಹೊತ್ತು, ಅದೇ ಕಿರುಚಾಟ, ಅದೇ ಜಾಗಕ್ಕೆ ಬಂದಾಗ ಅದೇ ದನಿ. ಅಮ್ಮನಿಗೆ ಹೇಳಿದರೆ "ಗಾಳಿ ಕಣೇ ಅದು, ಸುಮ್ನೆ ಹೋಂವರ್ಕ್ ಮಾಡು," ಎಂದಳು. ಗಾಳಿ ದಿನಾ ಒಂದೇ ಮಾತನ್ನು ಒಂದೇ ಥರ ಆಡುತ್ತದೆಯೇ? ಸೆಂಕಾ ಹಾಸಿಗೆಯನ್ನು ಎದುರು ಗೋಡೆಯ ಕಡೆಗೆ ಎಳೆದುಕೊಂಡಳು.

ಮೊದಲಾಗಿದ್ದರೆ ಲಾಜಾನನ್ನೇ ಕೇಳಬಹುದಿತ್ತು. ಒಂದನೇ ಕ್ಲಾಸಿನಿಂದ ಇಬ್ಬರೂ ಜೋಡಿ. ಆದರೆ ಬೇಸಿಗೆಯಲ್ಲಿ ಅವನ ಮಾವ ಜರ್ಮನಿಯಿಂದ ಕಮೋಡೋರ್ ತಂದ. ಸೆಂಕಾಳ ಅಪ್ಪ ಕೋಟಿನೊಳಗೆ ಬಚ್ಚಿಟ್ಟುಕೊಂಡು ಗಡಿ ದಾಟಿಸಿ ತಂದ ಸ್ಪೆಕ್ಟ್ರಮ್ಮನ್ನು ಲಾಜಾ "ಇದೇನು ಕ್ಯಾಲ್ಕುಲೇಟರಾ?" ಎಂದುಬಿಟ್ಟ. ಅಲ್ಲಿಗೆ ಮಾತು ನಿಂತಿತು. ಆಮೇಲೆ ಅವನ ಅಮ್ಮ ಸತ್ತಳು. ಸೆಂಕಾ ತನ್ನ ಅಮ್ಮನ ಜೊತೆ ಮಣ್ಣಿಗೆ ಹೋಗಿ, ಏನು ಹೇಳಬೇಕೆಂದು ತೋಚದೆ, ಕಂಬದ ಹಿಂದೆ ನಿಂತು ಬಂದಳು. 'ಬ್ರೆಡ್ಡಿನವರ ಜೊತೆ ಮಾತಿಲ್ಲ' ಎಂದು ವೆಲ್ಕೊ ರೂಲ್ ಮಾಡಿದಾಗ ಅವಳಿಗೆ ಒಳಗೊಳಗೇ ನಿರಾಳವಾಗಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು.

ಶನಿವಾರ ರೇಡಿಯೊ ಹೊತ್ತಿಗೆ ಮುಂಚೆ ವೆಲ್ಕೊ ತೀರ್ಪು ಕೊಟ್ಟ.

"ಆ ಟೇಪು ನಮಗೆ ಬೇಕು. ಸೆಂಕಾ, ನೀನೇ ತರ್ಬೇಕು. ನಿನ್ನನ್ನ ಅವನು ಒಳಗೆ ಬಿಡ್ತಾನೆ."

"ನಾನಾ?"

"ಯಾಕೆ, ಹೆದರ್ತೀಯಾ?"

ಹೆದರಿಕೆ ಇತ್ತು. ಆದರೆ ಅವಳಿಗೆ ಇನ್ನೊಂದು ಯೋಚನೆಯೂ ಬಂತು. ಆ ಕಿರುಚಾಟವೇ ಸ್ಲಾವ್ಕಾ ತೆತಾಳನ್ನು ಕರೆಯುತ್ತಿದ್ದರೆ? ಟೇಪು ಇಲ್ಲದಿದ್ದರೆ ಅವಳು ಬರುವುದೂ ನಿಲ್ಲಬಹುದು.

ಲಾಜಾ ಬಾಗಿಲು ತೆಗೆದಾಗ ಒಳಗೆ ದೀಪವಿರಲಿಲ್ಲ.

"ಅಮ್ಮ ಒಂದು ಮೊಟ್ಟೆ ಇಸ್ಕೊಂಡು ಬಾ ಅಂದ್ಳು," ಎಂದಳು ಸೆಂಕಾ, ಅವನ ಮುಖ ನೋಡದೆ.

"ಬಾ." ಅವನ ದನಿ ಬಹಳ ದಿನ ಯಾರೊಡನೆಯೂ ಮಾತಾಡದವನ ಹಾಗಿತ್ತು. "ಅಪ್ಪ ಶಿಫ್ಟಿಗೆ ಹೋಗಿದ್ದಾರೆ. ನೋಡ್ತೀನಿ, ಇರು."

ಅವನು ಅಡುಗೆಮನೆಗೆ ಹೋದ. ಸೆಂಕಾ ಕೋಣೆಯೊಳಗೆ ಇಣುಕಿದಳು. ಸಾವಾದ ಮನೆಯ ರೂಢಿಯಂತೆ ಕನ್ನಡಿಗೆ ಬಿಳಿ ಬಟ್ಟೆ ಮುಚ್ಚಿತ್ತು. ಬಾಗಿಲ ಹಿಂದೆ ಸ್ಲಾವ್ಕಾ ತೆತಾಳ ನೀಲಿ ಏಪ್ರನ್ ತೂಗುತ್ತಿತ್ತು. ಯಾವ ಕಿಟಕಿಯೂ ತೆರೆದಿರಲಿಲ್ಲ, ಆದರೂ ಅದು ಒಂದಿಷ್ಟು ಅಲುಗಾಡಿತು. ಮೇಜಿನ ಮೇಲಿನ ಕಮೋಡೋರ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ರಬ್ಬರೂ ಇಲ್ಲ, ಗಿಬ್ಬರೂ ಇಲ್ಲ. ಮಂಚದ ಮೇಲೆ ಒಂದು ಹಳೇ ಟೇಪ್ ರೆಕಾರ್ಡರ್ ಇತ್ತು, ಅಷ್ಟೇ. ಒಳಗೊಂದು ಕ್ಯಾಸೆಟ್. ಅದರ ಮೇಲೆ ಲಾಜಾನ ಅಕ್ಷರದಲ್ಲಿ 'ಕೆಟ್ಟಿದೆ' ಎಂದು ಬರೆದಿತ್ತು.

ಹಿಂದೆ ಯಾರೋ ಉಸಿರಾಡಿದ ಹಾಗಾಯಿತು. ಸೆಂಕಾ ತಿರುಗಿ ನೋಡಲಿಲ್ಲ. ಕ್ಯಾಸೆಟ್ ಕಿತ್ತು ಜೇಬಿಗೆ ತುರುಕಿದಳು.

"ಎರಡಿದ್ವು," ಎಂದ ಲಾಜಾ, ಬಾಗಿಲಲ್ಲಿ ನಿಂತು. "ಎರಡೂ ತಗೋ. ಒಂದರಲ್ಲಿ ಏನ್ ಆಗುತ್ತೆ."

ಅವಳು ಮೊಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ಬಂದಳು.

"ಭಲೇ!" ಎಂದ ವೆಲ್ಕೊ. ಕ್ಯಾಸೆಟ್ಟನ್ನು ಸೆಂಕಾಳ ಟೇಪ್ ರೆಕಾರ್ಡರಿಗೆ ಹಾಕಿ, ವೈರನ್ನು ಸ್ಪೆಕ್ಟ್ರಮ್ಮಿಗೆ ಚುಚ್ಚಿದ. ವೈರ್ ಚುಚ್ಚಿದರೆ ಟೇಪಿನ ಸದ್ದು ಕೋಣೆಗೆ ಬರುವುದಿಲ್ಲ, ಟೀವಿಯ ಅಂಚಿನಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಕೆಂಪು, ನೀಲಿ ಪಟ್ಟೆಗಳು ಸರಸರ ಓಡಿದವು. ಆಟ ಮಾತ್ರ ಬರಲಿಲ್ಲ.

"ಥೂ, ಬ್ರೆಡ್ಡಿನ ಪ್ರೋಗ್ರಾಮೇ ಇದು! ಅದೂ ಕೆಟ್ಟಿರೋದು," ಎಂದ ವೆಲ್ಕೊ. "ಹೋಗ್ಲಿ ಬಿಡು, ಕ್ಯಾಸೆಟ್ ಚೆನ್ನಾಗಿದೆ. ಇವತ್ತಿನ ಆಟನ ಇದರ ಮೇಲೇ ರೆಕಾರ್ಡ್ ಮಾಡೋಣ. ಬ್ರೆಡ್ಡಿನ ಮೇಲೆ ರಬ್ಬರು!"

ತೋಮಾ ಅಡುಗೆಮನೆಯ ರೇಡಿಯೊ ಹೊತ್ತು ತಂದ. "ಗೆಳೆಯರೇ, ಕ್ಯಾಸೆಟ್ ಸಿದ್ಧ ಮಾಡಿಕೊಳ್ಳಿ," ಎನ್ನುತ್ತಿದ್ದ ರೇಡಿಯೊದವನು.

ಸೆಂಕಾ ಟೀವಿಯನ್ನೇ ನೋಡುತ್ತಿದ್ದಳು. ಟೇಪು ಇನ್ನೂ ಓಡುತ್ತಿತ್ತು. ಒಂದೇ ಸಮ ಓಡುತ್ತಿದ್ದ ಪಟ್ಟೆಗಳು ಇದ್ದಕ್ಕಿದ್ದ ಹಾಗೆ ತೊದಲಿದವು. ಅಗಲವಾದವು, ನಿಂತವು. ಮತ್ತೆ ಮೆಲ್ಲಗೆ ನಡುಗಿದವು, ಯಾರೋ ಮಾತಾಡಿ ನಡುವೆ ಉಸಿರು ತೆಗೆದುಕೊಂಡ ಹಾಗೆ.

ಅವಳು ಕೈ ಚಾಚಿ ಟೇಪನ್ನು ಚೂರು ಹಿಂದಕ್ಕೆ ಓಡಿಸಿದಳು. ವೈರ್ ಕಿತ್ತಳು.

ಕಿರುಚಾಟ ಕೋಣೆಗೆ ನುಗ್ಗಿತು. ಅದರ ನಡುವೆ, ಅವರ ಬೆನ್ನ ಹಿಂದೆಯೇ ನಿಂತಿರುವಷ್ಟು ಹತ್ತಿರದಿಂದ, ಸ್ಲಾವ್ಕಾ ತೆತಾ ಹೇಳಿದಳು:

"ಲಾಜ್ಕಾ, ಕಾಲುಚೀಲ ಹಾಕ್ಕೊಳ್ಳೋ ಕಂದಾ, ನೆಲ ತಣ್ಣಗಿದೆ."

"ಅಮ್ಮಾ!" ಲಾಜಾನ ದನಿ, ಸಿಟ್ಟಿನಿಂದ. "ರೆಕಾರ್ಡ್ ಆಗ್ತಿದೆ! ಎಲ್ಲಾ ಹಾಳು ಮಾಡ್ಬಿಟ್ಟೆ!"

"ಅಯ್ಯೋ, ತಪ್ಪಾಯ್ತು ಮಾರಾಯ. ಹೋದೆ, ಹೋದೆ." ಒಂದು ಸಣ್ಣ ನಗು. ಮತ್ತೆ ಕಿರುಚಾಟ.

ತೋಮಾ ಅಣ್ಣನ ತೋಳು ಹಿಡಿದುಕೊಂಡ.

ಸೆಂಕಾಗೆ ಎಲ್ಲಾ ಹೊಳೆಯಿತು. ಅಮ್ಮ ಇದ್ದಾಗ ರೇಡಿಯೊದಿಂದ ರೆಕಾರ್ಡ್ ಮಾಡಿದ ಈ ಪ್ರೋಗ್ರಾಮನ್ನು ಲಾಜಾ ಕಂಪ್ಯೂಟರಿಗೆ ಹಾಕುತ್ತಲೇ ಇರಲಿಲ್ಲ. ದಿನಾ ಕೂತು ಕೇಳುತ್ತಿದ್ದ.

ಅಷ್ಟರಲ್ಲಿ ಗೋಡೆಯಾಚೆ ಸದ್ದಾಯಿತು. ಡ್ರಾಯರ್ ಎಳೆದ ಸದ್ದು. ಇನ್ನೊಂದು. ಕುರ್ಚಿ ಉರುಳಿತು. ಮಂಚ ಜರುಗಿತು. ಮತ್ತೆ ಮೊದಲನೇ ಡ್ರಾಯರ್. ಹುಡುಕುತ್ತಿದ್ದಾನೆ.

"ಶುರು ಮಾಡುತ್ತಿದ್ದೇವೆ," ಎಂದಿತು ರೇಡಿಯೊ.

"ಒತ್ತು ಸೆಂಕಾ!" ವೆಲ್ಕೊ ಪಿಸುಗುಟ್ಟಿದ. ಅವನ ಮುಖವೂ ಬಿಳಿಚಿತ್ತು, ಆದರೂ ಹಟ ಬಿಡಲಿಲ್ಲ. "ಮತ್ತೆ ಹಾಕಲ್ಲ ಅವರು. ಬೇರೆ ಖಾಲಿ ಕ್ಯಾಸೆಟ್ ಇಲ್ಲ. ರೆಕಾರ್ಡ್ ಒತ್ತೇ! ನೀನು ರಬ್ಬರಾ ಬ್ರೆಡ್ಡಾ?"

ಸೆಂಕಾ ಕ್ಯಾಸೆಟ್ ತೆಗೆದು, ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಓಡಿದಳು. ಹಿಂದೆ ರೇಡಿಯೊ ಯಾರಿಗೂ ಬೇಡದೆ ಕಿರುಚುತ್ತಿತ್ತು.

ಲಾಜಾ ಬಾಗಿಲು ತೆಗೆದ. ಅವನ ಮುಖ ನೋಡಲಾಗಲಿಲ್ಲ. ಅವಳು ಕೈ ಚಾಚಿದಳು.

"ನಾನೇ ಕದ್ದಿದ್ದು. ಅಳಿಸಿಲ್ಲ. ಕೇಳ್ನೋಡು."

ಅವನು ಬೈಯಲಿಲ್ಲ. ಕ್ಯಾಸೆಟ್ ಕಸಿದುಕೊಂಡು ಟೇಪ್ ರೆಕಾರ್ಡರಿಗೆ ಹಾಕಿ, ಶುರುವಿಗೆ ಓಡಿಸಿ, ನೆಲದ ಮೇಲೆ ಕೂತ. ಕಿರುಚಾಟ ಶುರುವಾಯಿತು, ಉದ್ದಕ್ಕೆ. ಸೆಂಕಾ ಬಾಗಿಲಲ್ಲೇ ನಿಂತಿದ್ದಳು.

"ಅಮ್ಮ ಮಾತಾಡೋ ಕಡೆಗೇ ಯಾಕೆ ಓಡಿಸಲ್ಲ?" ಎಂದು ಮೆಲ್ಲಗೆ ಕೇಳಿದಳು.

"ಈ ಕಿರುಚಾಟ ಓಡೋ ತನಕ ಅವಳು ಅಡುಗೆಮನೇಲಿ ಇರ್ತಾಳೆ," ಎಂದ ಲಾಜಾ. "ಟೇಪು ಸವೀತಿದೆ ಕಣೇ. ಮೊದಲು ಅವಳು ಬಾಗಿಲು ತೆಗೆಯೋದೂ ಕೇಳ್ತಿತ್ತು. ಈಗ ಕೇಳಲ್ಲ."

ಸೆಂಕಾ ತಟ್ಟನೆ ಮನೆಗೆ ಓಡಿದಳು. ವೆಲ್ಕೊ, ತೋಮಾ ಹೊರಟುಹೋಗಿದ್ದರು. ಟೇಪ್ ರೆಕಾರ್ಡರ್, ಮೈಕು, ಅಪ್ಪ ತಂದಿದ್ದ ಗುಹೆಯ ಆಟದ ಕ್ಯಾಸೆಟ್ಟು, ಮೂರನ್ನೂ ಬಾಚಿಕೊಂಡು ಬಂದಳು. ಆಟ ಅಳಿಸಿಹೋಗದಿರಲೆಂದು ಆ ಕ್ಯಾಸೆಟ್ಟಿನ ತಲೆಯಲ್ಲಿ ಬಿಟ್ಟಿದ್ದ ತೂತಿಗೆ, ಈಗ ಅದರ ಮೇಲೆ ರೆಕಾರ್ಡ್ ಆಗುವಂತೆ, ಕಾಗದದ ಚೂರು ತುರುಕಿದಳು.

"ಅದರಲ್ಲಿ ನಿನ್ನ ಆಟ ಇದೆ ಅಲ್ವಾ?" ಎಂದ ಲಾಜಾ.

"ಇತ್ತು."

ಕಿಟಕಿಗೆ ಕಂಬಳಿ ತುರುಕಿ ಗಾಳಿಯ ಬಾಯಿ ಮುಚ್ಚಿಸಿದರು. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಇಟ್ಟರು. ಸೆಂಕಾ ಮೈಕ್ ಹಿಡಿದಳು. ಲಾಜಾ ಎರಡೂ ಗುಂಡಿ ಒತ್ತಿದ. ಆಮೇಲೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಕೂತರು.

ಕಿರುಚಾಟ ಬಂತು. ಸೆಂಕಾಗೆ ಈಗ ಅದರ ಹೆದರಿಕೆ ಇರಲಿಲ್ಲ. ಕಾಲುಚೀಲದ ಮಾತು ಬಂತು. ಹಾಳು ಮಾಡ್ಬಿಟ್ಟೆ ಎಂಬ ಕೂಗು ಬಂತು. ಆಗ ಪಕ್ಕದಲ್ಲಿ ಕೂತಿದ್ದ ಲಾಜಾ ಕಣ್ಣು ಮುಚ್ಚಿ, ಸದ್ದಿಲ್ಲದೆ ತುಟಿ ಅಲ್ಲಾಡಿಸಿ ಆ ಕೂಗಿನ ಬದಲು ಬೇರೇನನ್ನೋ ಹೇಳಿದ. ಸೆಂಕಾ ಕೈ ನೋಯುತ್ತಿದ್ದರೂ ಮೈಕನ್ನು ಅಲುಗದಂತೆ ಹಿಡಿದಿದ್ದಳು.

"ಹೋದೆ, ಹೋದೆ" ಎಂದದ್ದು ಮುಗಿಯಿತು. ಲಾಜಾನ ಬೆರಳು ಗುಂಡಿಯತ್ತ ಹೋಯಿತು. ಸೆಂಕಾ ಬೇಡವೆಂದು ತಲೆ ಅಲ್ಲಾಡಿಸಿದಳು. ಮಿಕ್ಕ ಕಿರುಚಾಟವೂ ಪೂರ್ತಿ ಬರಲಿ ಎಂದು ಇಬ್ಬರೂ ಕಾದರು.