ಅವಳ ಕೈಗೆ ಮಾತ್ರ ತಿರುಗುವ ಕೀ

“ಇವತ್ತು ಲಾಕ್ ಬದಲಾಯಿಸಿಬಿಡೋಣ, ಟೀಚರ್. ಸಂಜೆ ಬಸ್ಸು ಹತ್ತಿದ್ರೆ ಆಮೇಲೆ ನಾನು ಸಿಗಲ್ಲ.”

ಇಷ್ಟನ್ನು ಗ್ಯಾರೇಜಿನ ಮೆಕ್ಯಾನಿಕ್ ಕಾರಿನ ಬಾನೆಟ್ಟಿಗೆ ಹೇಳಿದ. ಅವಳ ಮುಖ ನೋಡಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಅವಳೂ ಬಾನೆಟ್ಟಿಗೇ “ಆಯ್ತು” ಅಂದಳು.

ಅವಳು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರು ಅಂದರೆ ಕಂಡಕಂಡವರ ಕೈಗೆ ಸಿಕ್ಕ ಪಾತ್ರೆಯ ಹಾಗೆ. ಕಲಿಯಲು ಬಂದವರೆಲ್ಲ ಕ್ಲಚ್ಚನ್ನು ದಿಢೀರನೆ ಬಿಟ್ಟು, ಇಂಜಿನ್ ಆಫ್ ಮಾಡಿಕೊಂಡು, ಗಾಬರಿಯಲ್ಲಿ ಕೀ ತಿರುಚಿ ತಿರುಚಿ, ಇಗ್ನಿಷನ್ ಲಾಕಿನ ಒಳಗಿದ್ದದ್ದೆಲ್ಲ ಸವೆದುಹೋಗಿತ್ತು. ಕೀಯೂ ಸವೆದಿತ್ತು. ಈಗ ಅದು ಅವಳೊಬ್ಬಳ ಕೈಗೆ ಮಾತ್ರ ತಿರುಗುತ್ತಿತ್ತು. ಸೀಟಿನಲ್ಲಿ ಕೂತವರು ಹ್ಯಾಪುಮೋರೆ ಹಾಕಿಕೊಂಡಾಗಲೆಲ್ಲ ಅವಳೇ ಇಳಿದು, ಸುತ್ತಿ ಬಂದು, ಸ್ಟಾರ್ಟ್ ಮಾಡಿಕೊಡಬೇಕಿತ್ತು.

ಹೊಸ ಲಾಕ್ ಹಾಕುವುದು ಘನಂದಾರಿ ಕೆಲಸವೇನಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೂ ಅಲ್ಲ. ಆದರೆ ಲಾಕ್ ಸರಿಹೋದರೆ ಈ ಗ್ಯಾರೇಜಿಗೆ ಬರಲು ನೆಪ ಎಲ್ಲಿಂದ ತರಬೇಕು? ವಾರಕ್ಕೊಮ್ಮೆ ಬಂದು “ಮತ್ತೆ ಬಿಗಿಯಾಗಿದೆ ನೋಡಿ” ಅನ್ನುವುದು. ಅವನು ಬಗ್ಗಿ ಪೆನ್ಸಿಲ್ ಸೀಸದಂಥ ಕಪ್ಪು ಪುಡಿಯನ್ನು ಲಾಕಿನೊಳಗೆ ಊದುವುದು. ಊದುವಾಗ ಅವನ ಕೆನ್ನೆ ಉಬ್ಬುವುದನ್ನು ಅವಳು ನಗು ತಡೆದುಕೊಂಡು ನೋಡುವುದು, ನೋಡಿದ್ದು ಗೊತ್ತಾಗಿ ಅವನ ಕಿವಿ ಕೆಂಪಾಗುವುದು. ಇದಿಷ್ಟೇ ಅವರಿಬ್ಬರ ಪ್ರೇಮ. ಪಾಪ, ಇಬ್ಬರಿಗೂ ಅದು ಪ್ರೇಮವೆಂದು ಹೇಳಿಕೊಳ್ಳಲು ಬಾಯಿಲ್ಲ.

ಅವನನ್ನಂತೂ ಎಲ್ಲರೂ ಗುಮ್ಮ ಅಂತಲೇ ಕರೆಯುತ್ತಿದ್ದರು. ಕೇಳಿದ್ದಕ್ಕೆ ಅರ್ಧ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಅಂಥವನು ಹೋದ ತಿಂಗಳು ತಾನಾಗಿಯೇ ಬಾಯಿ ಬಿಟ್ಟಿದ್ದ. ದೂರದ ಗಣಿಯೊಂದರಲ್ಲಿ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿದೆ, ಮೂರು ವರ್ಷ ಅಲ್ಲೇ ಇರಬೇಕಂತೆ.

“ಹೋಗ್ಲಾ, ಟೀಚರ್?” ಅಂತ ಕೇಳಿದ್ದ.

ಬೇಡ ಅನ್ನಬೇಕಿತ್ತು. ಆದರೆ ಅವಳ ಹಾಳು ಬಾಯಿ “ಹೋಗದೆ ಏನು? ಇಂಥ ಅವಕಾಶ ಯಾರಾದ್ರೂ ಬಿಡ್ತಾರಾ?” ಅಂತ ಅರಳು ಹುರಿದ ಹಾಗೆ ಹೇಳಿಬಿಟ್ಟಿತು. ಬೇಡ ಅನ್ನಲು ನಾನು ಯಾರು, ಮೊದಲು ಅವನೇ ಹೇಳಲಿ ಎಂಬ ಬಿಗುಮಾನ. ಅವನು ತಲೆಯಾಡಿಸಿ ಹೋದ, ಕೆಲಸಕ್ಕೆ ಒಪ್ಪಿಕೊಂಡೂಬಿಟ್ಟ. ಅಂದಿನಿಂದ ಅವಳಿಗೆ ತುತ್ತು ಗಂಟಲಲ್ಲಿ ಇಳಿದಿಲ್ಲ. ಪಾಠ ಹೇಳುವಾಗ ಬ್ರೇಕ್ ಅನ್ನಬೇಕಾದಲ್ಲಿ ಎರಡು ಸಲ ಆಕ್ಸಿಲರೇಟರ್ ಅಂದಿದ್ದಾಳೆ. ಯಾರ ಪುಣ್ಯವೋ, ಎದುರಿಗಿದ್ದದ್ದು ಬರೀ ಮರಳಿನ ಗುಡ್ಡೆ.

ಸ್ಪೇರ್ ಪಾರ್ಟ್ಸಿನ ಕೌಂಟರಿನಲ್ಲಿ ಅವನ ಅತ್ತಿಗೆ ಕೂತಿದ್ದಳು. ಗಂಡನ ಗ್ಯಾರೇಜು, ಮೈದುನನ ಕೆಲಸ, ಇವಳ ಬಾಯಿ. ಮೂರೂ ಸೇರಿ ವ್ಯಾಪಾರ ನಡೆಯುತ್ತಿತ್ತು. ಅವಳು ಡ್ರಾಯರಿನ ತಳದಿಂದ ಒಂದು ಸಣ್ಣ ಡಬ್ಬಿ ತೆಗೆದು ಧೂಳು ಒರೆಸಿದಳು.

“ತಗೊಳ್ಳಿ ಟೀಚರಮ್ಮ, ನಿಮ್ಮ ಹೊಸ ಲಾಕು. ಇದು ಬಂದು ಯಾವ ಕಾಲ ಆಯ್ತು ಗೊತ್ತಾ?”

“ಇನ್ನೂ ಬಂದಿಲ್ಲ, ಹಳೇ ಮಾಡೆಲ್, ಸಿಗಲ್ಲ ಅಂತಿದ್ರಲ್ಲ ನೀವೇ?”

“ನಾನೆಲ್ಲಿ ಅಂದೆ? ನನ್ನ ಮೈದುನ ಅನ್ನಿಸಿದ. ‘ಬಂದಿಲ್ಲ ಅನ್ನಿ ಅತ್ತಿಗೆ, ನಿಮ್ಮ ದಮ್ಮಯ್ಯ’ ಅಂತ. ನಾನೂ ಅಂದೆ. ಕಾರಿನ ಮೇಲೆ ಇಷ್ಟು ಮುದ್ದು ಇರೋ ಮೆಕ್ಯಾನಿಕ್‌ನ ನಾನಂತೂ ಇನ್ನೆಲ್ಲೂ ಕಂಡಿಲ್ಲಮ್ಮ!”

ಅತ್ತಿಗೆ ನಕ್ಕಳು. ಇವಳಿಗೆ ನಗು ಬರಲಿಲ್ಲ. ಅವನೂ ಕಾಯುತ್ತಿದ್ದ. ಇಷ್ಟು ಕಾಲವೂ ಕಾಯುತ್ತಿದ್ದ. ಹೋಗ್ಲಾ ಎಂದು ಕೇಳಿದ್ದು ಬೇಡ ಅನ್ನಿಸಿಕೊಳ್ಳಲು. ಅವಳೋ ನಗುನಗುತ್ತಾ ಬಾಗಿಲು ತೋರಿಸಿದ ಹಾಗೆ ಹೋಗು ಅಂದಿದ್ದಳು.

ಕಾರಿನ ಬಳಿ ಬಂದಾಗ ಅವನು ಬ್ಯಾಟರಿಯ ವೈರ್ ಬಿಚ್ಚಿ, ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದಿಟ್ಟಿದ್ದ. ಗೋಡೆಗೆ ಒರಗಿಸಿದ್ದ ಅವನ ಬ್ಯಾಗು ಬಿರಿಯುವಷ್ಟು ತುಂಬಿತ್ತು. ಅವಳು ಅತ್ತ ನೋಡದೆ ಡ್ರೈವರ್ ಸೀಟಿನಲ್ಲಿ ಕೂತಳು. ಅವನು ತೆರೆದ ಬಾಗಿಲ ಪಕ್ಕ ಮಂಡಿಯೂರಿ, ಕೈಯಲ್ಲಿ ತೆಳ್ಳನೆಯ ದಬ್ಬಳ ಹಿಡಿದ.

“ಕೀ ಮೊದಲನೇ ಗುರುತಿಗೆ ತಿರುಗಬೇಕು. ಆಗ ಈ ತೂತಲ್ಲಿರೋ ಪಿನ್ ಒತ್ತಿದ್ರೆ ಲಾಕು ಪೂರ್ತಿ ಈಚೆ ಬರುತ್ತೆ. ನನ್ನ ಕೈಗೆ ತಿರುಗಲ್ಲ, ನೀವೇ ತಿರುಗಿಸಿ.”

“ತಿರುಗದೇ ಇದ್ರೆ?”

“ಡ್ರಿಲ್ ಹಾಕಿ ಕೊರೀಬೇಕು. ಕತ್ತಲಾಗುತ್ತೆ.”

ಕತ್ತಲಾದರೆ ಬಸ್ಸು ಹೋಗಿರುತ್ತದೆ. ಆ ಯೋಚನೆ ಬಂದದ್ದೇ ತಡ, ಮುಳುಗುವವಳಿಗೆ ಹಗ್ಗ ಸಿಕ್ಕಂತಾಯಿತು. ಅವಳು ಕೀಯನ್ನು ಲಾಕಿನೊಳಗೆ ತೂರಿಸಿ ಬಲವಾಗಿ ಒತ್ತಿದಳು. ತಿರುಗಿಸುವ ಹಾಗೆ ಮಾಡಿದಳು. ಮುಖ ಕಿವುಚಿದಳು.

“ಇಲ್ಲ. ಬರ್ತಿಲ್ಲ.”

“ಇನ್ನೊಂದ್ಸಲ ನೋಡಿ.”

ನೋಡಿದಳು. ಹಣೆಯಲ್ಲಿ ಬೆವರೂ ಬಂತು, ಅದು ಮಾತ್ರ ನಟನೆಯಲ್ಲ. “ಬರ್ತಿಲ್ಲ ರೀ. ಕೊರೀರಿ. ಬೇರೆ ದಾರಿ ಇಲ್ಲ.”

ಅವನು ಡ್ರಿಲ್ಲಿಗೆ ಕೈ ಹಾಕಲಿಲ್ಲ. ಮೊದಲ ಬಾರಿಗೆ ನೇರವಾಗಿ ಅವಳ ಮುಖ ನೋಡಿದ. ಅವನ ಕಣ್ಣು ತಿಳಿಕಂದು ಬಣ್ಣದ್ದೆಂದು ಅವಳಿಗೆ ಆಗಲೇ ಗೊತ್ತಾದದ್ದು.

“ಟೀಚರ್, ನಾನು ಎಷ್ಟು ಸಲ ನೋಡಿದೀನಿ. ಕೀ ಒಳಗೆ ಹಾಕಿ ಕೂದಲೆಳೆಯಷ್ಟು ಹಿಂದಕ್ಕೆ ಎಳ್ಕೋತೀರ. ಎಡಗೈಲಿ ಸ್ಟೀರಿಂಗ್ ಒಂಚೂರು ಅಲ್ಲಾಡಿಸ್ತೀರ. ಕೆಳತುಟಿ ಕಚ್ಕೋತೀರ. ತಿರುಗುತ್ತೆ.” ಗುಮ್ಮ ಇಷ್ಟುದ್ದ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. “ಇವತ್ತು ಇದ್ರಲ್ಲಿ ಒಂದೂ ಮಾಡ್ಲಿಲ್ಲ.”

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಏನಾದ್ರೂ ಹೇಳೋದಿದ್ರೆ ನೀವೇ ಹೇಳಿ,” ಅಂದ. “ಕಾರಿನ ಕೈಲಿ ಹೇಳಿಸಬೇಡಿ. ಅದು ಹೇಳಿದ್ದು ನಂಗೆ ಸಾಲಲ್ಲ.”

ಹೊರಗೆ, ಅವನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಗಾಡಿ ತಂದಿದ್ದ ಅಣ್ಣ ಹಾರನ್ ಬಾರಿಸತೊಡಗಿದ. “ಬಾರೋ ಬೇಗ! ಬಸ್ಸೇನು ನಮ್ಮಪ್ಪಂದಲ್ಲ ಕಾಯೋಕೆ!”

ಅವಳು ಕೈಗಳನ್ನು ನೋಡಿಕೊಂಡಳು. ಸುಳ್ಳು ಹೇಳಿ ಅವನನ್ನು ಒಂದು ಸಂಜೆ ತಡೆಯಬಹುದು. ನಾಳೆಯೂ ಬಸ್ಸಿದೆ. ನಾಡಿದ್ದೂ ಇದೆ. ಎಷ್ಟು ಬಸ್ಸು ತಪ್ಪಿಸಿಯಾಳು? ಅವಳು ಕೀಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದಳು, ಎಡಗೈಯಲ್ಲಿ ಸ್ಟೀರಿಂಗ್ ಅಲುಗಾಡಿಸಿದಳು. ತುಟಿ ಕಚ್ಚಿದ್ದು ಅಳು ತಡೆಯಲು. ಕೀ ತಿರುಗಿತು. ಅವನು ದಬ್ಬಳ ಒತ್ತಿದ. ಹಳೆಯ ಲಾಕು ಕೀ ಸಮೇತ ಅವಳ ಅಂಗೈಗೆ ಬಂದುಬಿತ್ತು. ಅವನನ್ನು ಹಿಡಿದಿಡಲು ಈಗ ಅವಳ ಬಳಿ ಏನೂ ಉಳಿದಿರಲಿಲ್ಲ.

“ಹೋಗಬೇಡ,” ಅಂದಳು.

ಅವನು ದಬ್ಬಳವನ್ನು ಕೆಳಗಿಟ್ಟ.

“ಅವತ್ತು ಹೋಗು ಅಂದದ್ದು ಶುದ್ಧ ಸುಳ್ಳು. ನಂಗೆ ಜಂಬ. ನೀನು ಕೇಳಿದಾಗಲೇ ಕೈ ಹಿಡ್ಕೊಂಡು ಬೇಡ ಅನ್ನಬೇಕಿತ್ತು. ಮೂರು ವರ್ಷ ನಿನ್ನ ನೋಡ್ದೆ ನನ್ನ ಕೈಲಿ ಆಗಲ್ಲ ಕಣೋ. ಮೂರು ವಾರಾನೂ ಆಗಲ್ಲ. ಹೋಗಬೇಡ.”

ಮತ್ತೆ ಹಾರನ್. ಅವನು ಎದ್ದ. ಏನೂ ಹೇಳದೆ, ಗೋಡೆಯ ಬಳಿ ಹೋಗಿ ಬ್ಯಾಗನ್ನು ಹೆಗಲಿಗೇರಿಸಿ, ಬೆಳಕಿರುವ ಬಾಗಿಲಿನಾಚೆ ನಡೆದುಹೋದ. ಹೊರಗೆ ಮಾತು ಕೇಳಿಸಿತು. ಅಣ್ಣ ಏನೋ ಕೂಗಾಡಿದ. ಗಾಡಿ ಸ್ಟಾರ್ಟ್ ಆಯಿತು. ಗೇಟು ದಾಟಿ ಅದರ ಸದ್ದು ದೂರವಾಗುತ್ತ ದೂರವಾಗುತ್ತ ರಸ್ತೆಯ ಗದ್ದಲದಲ್ಲಿ ಕರಗಿತು.

ಹೇಳಿಯೂ ಆಯಿತು, ಕಳೆದುಕೊಂಡೂ ಆಯಿತು. ಅವಳು ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕೌಂಟರಿನಲ್ಲಿರುವ ಅತ್ತಿಗೆಗೆ ಕೇಳಿಸುತ್ತದೆಂಬ ಪರಿವೆಯೂ ಇರಲಿಲ್ಲ. ಲೋಕಕ್ಕೇ ಕೇಳಿಸಲಿ, ಇನ್ನು ಯಾರಿಗಾಗಿ ಮಾನ ಮುಚ್ಚಿಡಬೇಕು?

ಎಡಗಡೆಯ ಬಾಗಿಲು ತೆರೆಯಿತು. ಕಲಿಸುವಾಗ ಅವಳು ಕೂರುವ ಸೀಟಿನಲ್ಲಿ ಅವನು ಬಂದು ಕೂತ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು.

“ಅಣ್ಣನ್ನ ಕಳಿಸಿದೆ,” ಅಂದ. “ಬಸ್ ಸ್ಟ್ಯಾಂಡಲ್ಲಿ ಗಣಿಯವರು ಕಾಯ್ತಿರ್ತಾರೆ. ನಾನು ಬರಲ್ಲ ಅಂತ ಹೇಳೋಕೆ. ದಾರಿಯುದ್ದಕ್ಕೂ ನಂಗೆ ಮಂಗಳಾರತಿ ಮಾಡ್ಕೊಂಡೇ ಹೋಗ್ತಾನೆ.”

ಅವಳು ಒದ್ದೆ ಮುಖ ಎತ್ತಿದಳು. “ಹೋಗೋ ಮುಂಚೆ ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು ನಿಂಗೆ? ನನ್ನ ಜೀವ ಹೋಗಿತ್ತು!”

“ಮಾತಾಡಿದ್ರೆ ಅತ್ತುಬಿಡ್ತಿದ್ದೆ. ಅಣ್ಣನ ಮುಂದೆ ಹೇಗೆ ಅಳಲಿ?”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವನ ತೋಳಿಗೆ ಒಂದು ಕೊಟ್ಟಳು. ಅವನು ಆ ಕೈಯನ್ನು ಹಿಡಿದುಕೊಂಡ, ಬಿಡಲಿಲ್ಲ. ಇಬ್ಬರ ಬೆರಳಿಗೂ ಹಳೆಯ ಲಾಕಿನ ಅದೇ ಕಪ್ಪು ಪುಡಿ ಮೆತ್ತಿಕೊಂಡಿತು.

“ಇನ್ನೊಂದ್ಸಲ ಹೇಳು,” ಅಂದ.

“ಏನನ್ನ?”

“ಆಗ್ಲೇ ಹೇಳಿದ್ದು.”

“ಹೋಗಬೇಡ.”

ಅವನು ಕಣ್ಣು ಮುಚ್ಚಿ ಸೀಟಿಗೆ ಒರಗಿದ. “ಇನ್ನೊಂದ್ಸಲ.”

ಅವಳು ಹೇಳಿದಳು.